ಕ್ರೈಸ್ತ ಸಭೆ (ಚರ್ಚ್) ಚೆನ್ನಾಗಿ ನಡೀತಿದೆ ಅಂತ ಹೇಳೋದು ಹೇಗೆ? ಸಭಾಪಾಲಕರಿಗೆ (ಪಾಸ್ಟರುಗಳಿಗೆ), ಕಮಿಟಿಯವರಿಗೆ ಒಂದು ಮಾರ್ಗದರ್ಶಿ

ವಾರ್ಷಿಕ ಮಹಾಸಭೆಯಲ್ಲಿ ಓದುವ ವರದಿ ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ ತರ ಇರುತ್ತದೆ. ಕುಟುಂಬಗಳು ಇಷ್ಟು, ದೀಕ್ಷಾಸ್ನಾನ ಇಷ್ಟು, ಮದುವೆ ಇಷ್ಟು, ತೀರಿಕೊಂಡವರು ಇಷ್ಟು. ಕಾಣಿಕೆ ಹೋದ ವರ್ಷಕ್ಕಿಂತ ಜಾಸ್ತಿ. ಹೊಸ ಸೌಂಡ್ ಸಿಸ್ಟಮ್ ಬಂತು, ಕಾಂಪೌಂಡ್ ಗೋಡೆ ಮುಗಿಯಿತು. ಒಬ್ಬರು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ, ವರದಿ ಪಾಸ್. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಪೂರ್ತಿ ಕೇಳಿಸಿಕೊಂಡ ಮೇಲೂ ಒಂದು ವಿಷಯ ಗೊತ್ತಾಗುವುದಿಲ್ಲ: ಈ ಸಭೆಗೆ ಸೇರಿದ ಮನುಷ್ಯರು ಹೇಗಿದ್ದಾರೆ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಭೆಯನ್ನು ಕೊನೇ ಬೆಂಚಿನಿಂದ ಅಳೆಯಬೇಕು. ತಡವಾಗಿ ಬಂದು ಹಿಂದೆ ಕೂತು, ಆಶೀರ್ವಾದ ಆದ ಕೂಡಲೇ ಎದ್ದು ಹೋಗುವವರ ಪಾಲಿಗೆ ಈ ಸಭೆ ಏನಾಗಿದೆ ಅನ್ನುವುದರ ಮೇಲೆ ಮಿಕ್ಕಿದ್ದೆಲ್ಲ ನಿಲ್ಲುತ್ತದೆ. ಕೆಳಗೆ ಬರೆದಿರುವುದು ಹಾಗೆ ಅಳೆಯುವ ಕ್ರಮ. ನನಗೆ ಪರಿಚಯ ಇರುವುದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಕನ್ನಡ ಸಭೆಗಳು, ಹಾಗಾಗಿ ಉದಾಹರಣೆಗಳೂ ಅಲ್ಲಿಯವೇ. ಮೆಥಡಿಸ್ಟ್, ಬ್ಯಾಪ್ಟಿಸ್ಟ್ ಸಭೆಯವರು, ಸ್ವತಂತ್ರ ಸಭೆಯವರು ನಿಮಗೆ ಬೇಕಾದಂತೆ ಹೊಂದಿಸಿಕೊಳ್ಳಿ.

ಲೆಕ್ಕ ಹಾಕುವುದು ತಪ್ಪಾ?

ಈ ಪ್ರಶ್ನೆ ಕಮಿಟಿಯಲ್ಲಿ ಯಾರಾದರೂ ಎತ್ತೇ ಎತ್ತುತ್ತಾರೆ. "ದಾವೀದ ರಾಜ ಜನಗಣತಿ ಮಾಡಿ ಏನಾಯ್ತು ಗೊತ್ತಲ್ವಾ?" ಅನ್ನುತ್ತಾರೆ. ಸತ್ಯವೇದದ (ಬೈಬಲಿನ) ಎರಡನೇ ಸಮುವೇಲ 24ರಲ್ಲಿ ಅದು ದೊಡ್ಡ ಪಾಪವಾಗಿ ಬರುತ್ತದೆ, ನಿಜ. ಆದರೆ ಅದೇ ಸತ್ಯವೇದದ ಅರಣ್ಯಕಾಂಡದ ಮೊದಲ ಅಧ್ಯಾಯದಲ್ಲಿ ಜನರನ್ನು ಎಣಿಸು ಅಂತ ಮೋಶೆಗೆ ದೇವರೇ ಹೇಳುತ್ತಾನೆ. ಅಪೊಸ್ತಲರ ಕೃತ್ಯಗಳಲ್ಲಿ ಪಂಚಾಶತ್ತಮದ (ಪೆಂಟೆಕೋಸ್ಟ್ ಹಬ್ಬದ) ದಿನ ಸುಮಾರು 3,000 ಜನ ಸೇರಿದರು ಅಂತ ಇದೆ, ನಾಲ್ಕನೇ ಅಧ್ಯಾಯದ ಹೊತ್ತಿಗೆ ಗಂಡಸರೇ ಸುಮಾರು 5,000 ಆದರು ಅಂತ ಇದೆ. ಯೇಸು ಹೇಳಿದ ಸಾಮ್ಯದಲ್ಲಿ ಕುರುಬನಿಗೆ ಒಂದು ಕುರಿ ಕಮ್ಮಿ ಅಂತ ತಿಳಿದದ್ದೇ ನೂರನ್ನೂ ಎಣಿಸಿ ಇಟ್ಟುಕೊಂಡಿದ್ದರಿಂದ. ಎಣಿಸುವುದು ತಪ್ಪಲ್ಲ. ಯಾಕೆ ಎಣಿಸುತ್ತಿದ್ದೀರಿ ಅನ್ನುವುದನ್ನು ಮೊದಲು ನಿಮ್ಮ ನಿಮ್ಮಲ್ಲಿ ಮಾತಾಡಿಕೊಳ್ಳಿ.

ನಮ್ಮ ಸಭೆಗಳಲ್ಲಿ ಇದು ಹಳೇ ಅಭ್ಯಾಸವೇ. 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ವರ್ಷ ವರ್ಷ ವರದಿ ಅಚ್ಚು ಹಾಕಿಸುತ್ತಿದ್ದರು. ಅದರಲ್ಲಿ ಸಭಿಕರು, ಶಾಲೆ ಮಕ್ಕಳು ಅಂತ ಊರೂರಿನ ಲೆಕ್ಕ ಇರುತ್ತಿತ್ತು. ಆದರೆ ಬರೀ ತಲೆ ಎಣಿಸಿ ಅವರಿಗೆ ಮುಗಿಯಲಿಲ್ಲ. ಕ್ರೈಸ್ತರಾದವರಿಗೆ ಮನೆಯವರು, ಜಾತಿಯವರು ಬಾಗಿಲು ಮುಚ್ಚಿದಾಗ ಹೊಲ ಹೋಯಿತು, ಕೆಲಸ ಹೋಯಿತು. ಇವರು ಊಟಕ್ಕೆ ಏನು ಮಾಡ್ತಾರೆ ಅನ್ನುವ ಪ್ರಶ್ನೆ ಎದುರು ಬಂದು ನಿಂತಿತು. ಮಗ್ಗ ಬಂದದ್ದು, 1865ರಲ್ಲಿ ಮಿಷನ್‌ನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು, ಇದೆಲ್ಲದರ ಹಿಂದೆ ಆ ಪ್ರಶ್ನೆ ಇತ್ತು. ಸಭೆಗೆ ಸೇರಿದವನ ಮನೆಯಲ್ಲಿ ಒಲೆ ಉರಿಯುತ್ತಿದೆಯಾ ಅನ್ನುವುದು ಸಭೆಯ ಲೆಕ್ಕಕ್ಕೆ ಸೇರಿದ್ದು. ಈಗಲೂ ಸೇರಿದ್ದು.

ಮೊದಲು ಒಂದು ಪುಟ ಬರೆಯಿರಿ

ಅಳತೆಗೆ ಕೈ ಹಾಕುವ ಮುಂಚೆ, ಯಾವುದನ್ನು ಯಶಸ್ಸು ಅನ್ನುತ್ತೀರಿ ಅಂತ ಬರೆದಿಟ್ಟುಕೊಳ್ಳಬೇಕು. ಇದನ್ನು ಸಭಾಪಾಲಕರು ಒಬ್ಬರೇ ಕೂತು ಬರೆಯಬಾರದು, ಅವರು ಎಷ್ಟೇ ಒಳ್ಳೆಯವರಾಗಿರಲಿ. ಒಂದು ಶನಿವಾರ ಸಂಜೆ ಹತ್ತು ಹನ್ನೆರಡು ಜನರನ್ನು ಕೂರಿಸಿ. ಪಾಸ್ಟರೇಟ್ ಕಮಿಟಿಯವರು ಅರ್ಧ ಜನ ಸಾಕು. ಮಿಕ್ಕವರಲ್ಲಿ ಮಹಿಳಾ ಕೂಟದವರು, ಕಾಲೇಜಿಗೆ ಹೋಗುವ ಒಬ್ಬ ಹುಡುಗ ಅಥವಾ ಹುಡುಗಿ, ಸಭೆಗೆ ಹೊಸಬರಾದ ಒಂದು ಮನೆಯವರು, ಯಾವ ಕಮಿಟಿಯಲ್ಲೂ ಯಾವತ್ತೂ ಇಲ್ಲದ ಒಬ್ಬರು ಹಿರಿಯರು ಇರಲಿ.

ಎಲ್ಲರಿಗೂ ಒಂದೊಂದು ಚೀಟಿ ಕೊಡಿ. "ಐದು ವರ್ಷ ಆದ ಮೇಲೆ ಏನನ್ನು ಕಣ್ಣಾರೆ ನೋಡಿದರೆ ನಮ್ಮ ಸಭೆ ದೇವರು ಕೊಟ್ಟ ಕೆಲಸ ಮಾಡಿದೆ ಅಂತ ನಿಮಗೆ ಅನಿಸುತ್ತೆ?" ಎರಡು ಮೂರು ವಾಕ್ಯ ಸಾಕು. ಯಾರ ಹತ್ತಿರವೂ ಕೇಳದೆ, ಮಾತಾಡದೆ ಬರೆಯಲಿ. ಮಾತಿನಿಂದ ಶುರು ಮಾಡಿದರೆ ಜೋರಾಗಿ ಮಾತಾಡುವ ಇಬ್ಬರ ಅಭಿಪ್ರಾಯ ಎಲ್ಲರ ಅಭಿಪ್ರಾಯ ಆಗಿಬಿಡುತ್ತದೆ.

ಆಮೇಲೆ ಕೃತ್ಯಗಳು 2:42ರಿಂದ 47ರವರೆಗೆ ಗಟ್ಟಿಯಾಗಿ ಓದಿ. ಅಪೊಸ್ತಲರ ಬೋಧನೆ, ಅನ್ಯೋನ್ಯತೆ, ರೊಟ್ಟಿ ಮುರಿಯುವುದು, ಪ್ರಾರ್ಥನೆ. ಅದರ ಜೊತೆಗೆ, ಅಗತ್ಯ ಇದ್ದವರಿಗೆ ಅಗತ್ಯ ಇದ್ದಷ್ಟು ಹಂಚುವುದು. ನಿಮ್ಮ ಚೀಟಿಗಳನ್ನು ಇವುಗಳ ಪಕ್ಕ ಇಟ್ಟು ನೋಡಿ. ಯಾವುದರ ಬಗ್ಗೆ ಹತ್ತು ಜನ ಬರೆದಿದ್ದಾರೆ, ಯಾವುದರ ಬಗ್ಗೆ ಒಬ್ಬರೂ ಬರೆದಿಲ್ಲ ಅನ್ನುವುದು ಕೂಡಲೇ ಕಾಣುತ್ತದೆ. ಬಹಳ ಸಭೆಗಳಲ್ಲಿ ಕಟ್ಟಡದ ಬಗ್ಗೆ ಚೀಟಿ ಜಾಸ್ತಿ ಬರುತ್ತದೆ. ಅದಕ್ಕೆ ಯಾರನ್ನೂ ಬೈಯಬೇಡಿ, ಕಟ್ಟಡ ಕಣ್ಣಿಗೆ ಕಾಣುತ್ತದೆ ಅಷ್ಟೇ.

ಕೊನೆಗೆ ಒಂದೇ ಪುಟಕ್ಕೆ ಇಳಿಸಿ. "ಆತ್ಮಿಕವಾಗಿ ಬೆಳೆಯುವುದು" ಅಂತ ಬರೆದರೆ ಅಳೆಯಲು ಆಗುವುದಿಲ್ಲ, ಹಾಗಾಗಿ ಕಣ್ಣಿಗೆ ಕಾಣುವ ಹಾಗೆ ಬರೆಯಿರಿ: "ನಮ್ಮ ಸಭೆಯಲ್ಲಿ ಯಾರೇ ಆಸ್ಪತ್ರೆ ಸೇರಿದರೂ ಎರಡು ದಿನದೊಳಗೆ ಒಬ್ಬರಾದರೂ ಹೋಗಿ ನೋಡಿರುತ್ತಾರೆ." "ದೃಢೀಕರಣ (ಕನ್ಫರ್ಮೇಶನ್) ಆದ ಮಕ್ಕಳು ಮೂರು ವರ್ಷದ ನಂತರವೂ ಯಾವುದಾದರೂ ಒಂದು ಸಭೆಯಲ್ಲಿ ಇರುತ್ತಾರೆ." "ಯಾವ ಮನೆಯ ಮಗುವೂ ಫೀಸಿಗೆ ದುಡ್ಡಿಲ್ಲ ಅಂತ ಓದು ಬಿಡುವುದಿಲ್ಲ." ಐದಾರು ವಾಕ್ಯಕ್ಕಿಂತ ಜಾಸ್ತಿ ಬೇಡ.

ತಲೆ ಎಣಿಸುವುದಾದರೆ ಸರಿಯಾಗಿ ಎಣಿಸಿ

ಕ್ರಿಸ್‌ಮಸ್, ಈಸ್ಟರ್, ಸುಗ್ಗಿ ಹಬ್ಬದ ದಿನ ಎಣಿಸಬೇಡಿ. ಹಬ್ಬ ಇಲ್ಲದ, ಶಾಲೆಗೆ ರಜೆ ಇಲ್ಲದ ಎಂಟು ಭಾನುವಾರ ಆರಿಸಿ, ಸಂಖ್ಯೆಗಳನ್ನು ಸಾಲಾಗಿ ಬರೆದು, ಅತಿ ಜಾಸ್ತಿ ಮತ್ತು ಅತಿ ಕಡಿಮೆ ಬಂದದ್ದನ್ನು ಬಿಟ್ಟು, ಮಧ್ಯದ ಎರಡರ ಸರಾಸರಿ ಹಿಡಿಯಿರಿ. ಪ್ರತಿ ವರ್ಷ ಅದೇ ತಿಂಗಳಲ್ಲಿ ಎಣಿಸಿ. ಹೋದ ವರ್ಷ ಜುಲೈಯಲ್ಲಿ ಎಣಿಸಿ ಈ ವರ್ಷ ಡಿಸೆಂಬರಿನಲ್ಲಿ ಎಣಿಸಿದರೆ ಸಭೆ ಬೆಳೆದ ಹಾಗೇ ಕಾಣುತ್ತದೆ.

ಹೊಸಬರನ್ನು ಒಂದೇ ಸಾಲಿನಲ್ಲಿ ಬರೆಯಬೇಡಿ. ಸಭೆಯಲ್ಲೇ ಹುಟ್ಟಿ ಬೆಳೆದ ಮಕ್ಕಳು ಬೇರೆ, ಇನ್ನೊಂದು ಸಭೆಯಿಂದ ಬಂದವರು ಬೇರೆ, ಹೊಸದಾಗಿ ನಂಬಿಕೆಗೆ ಬಂದವರು ಬೇರೆ, ಎಷ್ಟೋ ವರ್ಷ ಬಿಟ್ಟು ಮತ್ತೆ ಬಂದವರು ಬೇರೆ. ಬೆಂಗಳೂರಿನ ಸಭೆಯೊಂದು ವರ್ಷಕ್ಕೆ ಇಪ್ಪತ್ತು ಕುಟುಂಬ ಸೇರಿಸಿಕೊಂಡರೆ ಸಂತೋಷವೇ. ಆದರೆ ಅವರಲ್ಲಿ ಹೆಚ್ಚಿನವರು ಕೆಲಸಕ್ಕೆಂದು ಹುಬ್ಬಳ್ಳಿ, ಮೈಸೂರು, ಉಡುಪಿ, ಗದಗ ಬಿಟ್ಟು ಬಂದವರಾದರೆ, ಇಲ್ಲಿ ಕಾಣುವ ಬೆಳವಣಿಗೆ ಅಲ್ಲಿ ಖಾಲಿಯಾದ ಬೆಂಚಿನದ್ದೇ. ಅದಕ್ಕೇ ಹಳ್ಳಿಯ ಸಭೆಯವರಿಗೆ ಒಂದು ಮಾತು ಹೇಳಬೇಕು. ನಿಮ್ಮಲ್ಲಿ ಮೂವತ್ತು ಮನೆ ಇದ್ದದ್ದು ಇಪ್ಪತ್ತೆರಡಕ್ಕೆ ಇಳಿದಿದ್ದರೆ ಸೋತೆವು ಅಂದುಕೊಳ್ಳಬೇಡಿ. ಊರು ಬಿಟ್ಟು ಹೋದ ಮಕ್ಕಳು ಎಲ್ಲಿದ್ದಾರೆ, ಅಲ್ಲಿ ಯಾವ ಸಭೆಗೆ ಹೋಗುತ್ತಾರೆ ಅನ್ನುವ ಪಟ್ಟಿ ಮಾಡಿ. ಹತ್ತು ಹುಡುಗರು ಬೆಂಗಳೂರಿಗೆ ಹೋಗಿ ಅಲ್ಲಿ ಗಾಯನ ಮಂಡಳಿಯಲ್ಲೋ ಸಂಡೇ ಸ್ಕೂಲಿನಲ್ಲೋ ಕೆಲಸ ಮಾಡುತ್ತಿದ್ದರೆ, ಅದು ನಿಮ್ಮ ಸಭೆಯ ಫಲ. ವರದಿಯಲ್ಲಿ ಬರೆಯಿರಿ. ಸದಸ್ಯತ್ವದ ವರ್ಗಾವಣೆ ಪತ್ರವನ್ನು ಅವರು ಕೇಳುವ ತನಕ ಕಾಯಬೇಡಿ, ಬಸ್ ಹತ್ತುವ ಮುಂಚೆ ಕೈಗೆ ಕೊಡಿ, ಅಲ್ಲಿನ ಸಭಾಪಾಲಕರಿಗೆ ಒಂದು ಫೋನ್ ಮಾಡಿ.

ಯೂಟ್ಯೂಬ್ ಬಗ್ಗೆ: 2020ರ ಲಾಕ್‌ಡೌನ್ ಹೊತ್ತಿಗೆ ಶುರುವಾದ ಆರಾಧನೆಯ ಪ್ರಸಾರ ಬಹಳ ಕಡೆ ಇನ್ನೂ ನಡೆಯುತ್ತಿದೆ, ಹಾಸಿಗೆ ಹಿಡಿದವರಿಗೆ ಅದು ದೊಡ್ಡ ಉಪಕಾರ. ವ್ಯೂಸ್ ಎಷ್ಟು ಅನ್ನುವುದನ್ನು ಮಾತ್ರ ಹಾಜರಿಗೆ ಸೇರಿಸಬೇಡಿ. ಮನೆಯಿಂದ ಹೊರಗೆ ಬರಲಾಗದ ಎಷ್ಟು ಜನ ನೋಡುತ್ತಿದ್ದಾರೆ, ಅವರಿಗೆ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡಲು ಯಾರು ಹೋಗುತ್ತಾರೆ ಅಂತ ಬರೆಯಿರಿ.

ರಿಜಿಸ್ಟರ್ ಹಿಡಿದು ಕೂರುವ ಸಂಜೆ

ಇಡೀ ಕ್ರಮದಲ್ಲಿ ಒಂದನ್ನೇ ಮಾಡಲು ನಿಮಗೆ ಸಮಯ ಇದೆ ಅಂದರೆ, ಇದನ್ನು ಮಾಡಿ.

ಕುಟುಂಬಗಳ ರಿಜಿಸ್ಟರ್ ತೆಗೆದುಕೊಂಡು ಸಭಾಪಾಲಕರು, ಇಬ್ಬರು ಹಿರಿಯರು, ಮಹಿಳಾ ಕೂಟದ ಇಬ್ಬರು ಕೂತುಕೊಳ್ಳಿ. ಒಂದೊಂದು ಹೆಸರೂ ಓದುತ್ತಾ ಹೋಗಿ. ಪ್ರತಿ ಹೆಸರಿಗೂ ಒಂದೇ ಪ್ರಶ್ನೆ: ಈ ಮನೆಗೆ ಕೊನೇ ಸಲ ಯಾರು ಹೋಗಿದ್ದು, ಯಾವಾಗ? ಕೆಲವು ಮನೆಗೆ ನಾಲ್ಕು ಜನ ಒಟ್ಟಿಗೆ ಉತ್ತರ ಕೊಡುತ್ತಾರೆ. ಮೊನ್ನೆ ಮನೆ ಪ್ರಾರ್ಥನೆ ಇತ್ತಲ್ಲ, ಅದಕ್ಕೂ ಮುಂಚೆ ಮಗಳ ನಿಶ್ಚಿತಾರ್ಥ ಇತ್ತಲ್ಲ. ಇನ್ನು ಕೆಲವು ಹೆಸರು ಓದಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಆಮೇಲೆ ಒಬ್ಬರು, "ಅವರು ಈಗ ಬರಲ್ಲ ಅಲ್ವಾ?" ಅನ್ನುತ್ತಾರೆ. "ಯಾಕೆ ಬರಲ್ಲ?" ಅಂದರೆ ಯಾರಿಗೂ ಗೊತ್ತಿರುವುದಿಲ್ಲ. ಆ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಹೀಗೆ ಗುರುತು ಬಿದ್ದ ಹೆಸರುಗಳೇ ನಿಮ್ಮ ಸಭೆಯ ನಿಜವಾದ ವರದಿಯ ಮೊದಲ ಪುಟ.

ಎರಡು ಪಟ್ಟಿ ಹೊರಬರುತ್ತದೆ. ಒಂದು, ತಿಂಗಳಿಂದ ಕಾಣದವರು. ಇವರ ಮನೆಗೆ ಈ ವಾರವೇ ಹೋಗಬೇಕು, ಯಾಕಂದರೆ ಒಂದು ತಿಂಗಳಲ್ಲಿ ಒಬ್ಬ ಮನುಷ್ಯನಿಗೆ ಏನು ಬೇಕಾದರೂ ಆಗಿರಬಹುದು, ಜ್ವರ, ಕೆಲಸ ಹೋದದ್ದು, ಗಂಡ ಹೆಂಡತಿ ಜಗಳ, ಸಾಲ. ಇನ್ನೊಂದು, ವರ್ಷದಿಂದ ಕಾಣದವರು. ಇವರಲ್ಲಿ ಅರ್ಧ ಜನ ಊರು ಬಿಟ್ಟಿರಬಹುದು, ಕೆಲವರು ಬೇರೆ ಸಭೆ ಸೇರಿರಬಹುದು, ಇನ್ನು ಕೆಲವರ ಮನಸ್ಸು ನೊಂದಿರುತ್ತದೆ. ನೊಂದವರ ಹತ್ತಿರ ಹೋಗುವಾಗ, ನೋಯಿಸಿದವರನ್ನೇ ಕಳಿಸಬೇಡಿ. ಹೋದವರು "ಯಾಕೆ ಬರ್ತಿಲ್ಲ?" ಅಂತ ಕೇಳಬಾರದು. "ಹೇಗಿದ್ದೀರಿ?" ಅಂತ ಕೇಳಿ, ಸುಮ್ನೆ ಕೂತು ಕೇಳಿಸಿಕೊಂಡು ಬರಬೇಕು. ಬಾಕಿ ಇರುವ ವಂತಿಗೆಯ ವಿಷಯ ಆವತ್ತು ಎತ್ತಲೇಬಾರದು.

ಮುಂದಿನ ವರ್ಷ ಮತ್ತೆ ಕೂತಾಗ ಪೆನ್ಸಿಲ್ ಗುರುತು ಎಷ್ಟು ಕಮ್ಮಿಯಾಗಿದೆ ನೋಡಿ. ನನ್ನ ಮಟ್ಟಿಗೆ ಹಾಜರಿಯ ಸಂಖ್ಯೆಗಿಂತ ಈ ಸಂಖ್ಯೆ ದೊಡ್ಡದು.

ಮನೆಗೆ ಹೋಗಿ ಕೇಳುವ ಪ್ರಶ್ನೆಗಳು

ಎಲ್ಲ ಮನೆಗೂ ಹೋಗಲು ಆಗದಿದ್ದರೆ ಚೀಟಿ ಎತ್ತಿ ಹದಿನೈದು ಇಪ್ಪತ್ತು ಮನೆ ಆರಿಸಿ. ಚೀಟಿ ಎತ್ತುವುದು ಮುಖ್ಯ. ಇಲ್ಲದಿದ್ದರೆ ಕಾಫಿ ಚೆನ್ನಾಗಿ ಕೊಡುವ ಮನೆಗಳಿಗೇ ಹೋಗಿಬರುತ್ತೇವೆ. ಹೆಂಗಸರ ಹತ್ತಿರ ಹೆಂಗಸರೇ ಮಾತಾಡಲಿ. ಸಭಾಪಾಲಕರು ಜೊತೆಗಿದ್ದರೆ ಎಲ್ಲರೂ "ಎಲ್ಲಾ ಚೆನ್ನಾಗಿದೆ ಅಯ್ಯನವ್ರೇ" ಅಂದುಬಿಡುತ್ತಾರೆ, ಅದು ಗೌರವದಿಂದ ಬರುವ ಮಾತು, ಹಾಗಾಗಿ ಈ ಕೆಲಸಕ್ಕೆ ಅವರು ಬೇಡ.

ಕೇಳಬೇಕಾದ ಪ್ರಶ್ನೆಗಳು ನಾಲ್ಕೈದು ಸಾಕು. ರಾತ್ರಿ ಹನ್ನೊಂದಕ್ಕೆ ಏನಾದರೂ ಆದರೆ ಸಭೆಯಲ್ಲಿ ಯಾರಿಗೆ ಫೋನ್ ಮಾಡ್ತೀರಿ? ಹೋದ ತಿಂಗಳ ಪ್ರಸಂಗಗಳಲ್ಲಿ (ಆರಾಧನೆಯ ಬೋಧನೆಗಳಲ್ಲಿ) ಯಾವ ಮಾತು ನೆನಪಿದೆ, ಅದರಿಂದ ಏನಾದರೂ ಬದಲಾಯ್ತಾ? ಮನೆಯಲ್ಲಿ ಸತ್ಯವೇದ ಓದುವುದು, ಪ್ರಾರ್ಥನೆ ಮಾಡುವುದು ಯಾರು, ಯಾವಾಗ? ಸಭೆಯಲ್ಲಿ ಯಾರ ಜೊತೆಗಾದರೂ ಮಾತು ಬಿಟ್ಟಿದ್ದೀರಾ? ಸಭೆಯಿಂದ ನಿಮಗೆ ಏನು ಸಿಗಬೇಕಿತ್ತು, ಸಿಗಲಿಲ್ಲ?

ಮೊದಲ ಪ್ರಶ್ನೆಗೆ "ಯಾರಿಗೂ ಇಲ್ಲ, ಪಕ್ಕದ ಮನೆಯವರಿಗೆ ಮಾಡ್ತೀವಿ" ಅನ್ನುವ ಉತ್ತರ ಎಷ್ಟು ಮನೆಯಿಂದ ಬಂತು ಅಂತ ಬರೆದುಕೊಳ್ಳಿ. ಪಕ್ಕದ ಮನೆಯವರು ಒಳ್ಳೆಯವರಾಗಿರುವುದು ಸಂತೋಷ. ಆದರೆ ಭಾನುವಾರ ಒಂದೇ ಬೆಂಚಿನಲ್ಲಿ ಕೂತವರ ನಂಬರು ಫೋನಿನಲ್ಲಿ ಇಲ್ಲ ಅಂದರೆ ಅನ್ಯೋನ್ಯತೆ ಅನ್ನುವ ಮಾತು ಹಾಡಿನಲ್ಲಿ ಮಾತ್ರ ಉಳಿದಿದೆ ಅಂತ ಅರ್ಥ.

ಉತ್ತರಗಳನ್ನು ಹೆಸರಿಲ್ಲದೆ ಬರೆದುಕೊಳ್ಳಿ. ಕಷ್ಟ ಹೇಳಿಕೊಂಡವರ ವಿಷಯ ಮುಂದಿನ ಭಾನುವಾರ ಪ್ರಾರ್ಥನೆಯ ವಿಷಯವಾಗಿ ಮೈಕಿನಲ್ಲಿ ಬಂದರೆ, ಆ ಮನೆಯವರು ಮತ್ತೆ ಯಾವತ್ತೂ ಬಾಯಿ ಬಿಡುವುದಿಲ್ಲ.

ಗೊಣಗಾಟ ಬಂದರೆ ಬೇಸರ ಮಾಡಿಕೊಳ್ಳಬೇಡಿ. ಯೆರೂಸಲೇಮಿನ ಸಭೆ ಸಾವಿರಗಟ್ಟಲೆ ಬೆಳೆಯುತ್ತಿದ್ದಾಗಲೇ, ಗ್ರೀಕ್ ಮಾತಾಡುವವರ ವಿಧವೆಯರು ದಿನದ ಹಂಚಿಕೆಯಲ್ಲಿ ಬಿಟ್ಟುಹೋಗುತ್ತಿದ್ದಾರೆ ಅಂತ ಗೊಣಗಾಟ ಎದ್ದಿತು. ಕೃತ್ಯಗಳು ಆರನೇ ಅಧ್ಯಾಯ. ಸಂಖ್ಯೆ ನೋಡಿದ್ದರೆ ಆ ಸಭೆಯಲ್ಲಿ ತಪ್ಪೇ ಕಾಣುತ್ತಿರಲಿಲ್ಲ. ಅಪೊಸ್ತಲರು ದೂರು ಹೇಳಿದವರ ಬಾಯಿ ಮುಚ್ಚಿಸಲಿಲ್ಲ, ಏಳು ಜನರನ್ನು ಆರಿಸಿಕೊಳ್ಳಿ ಅಂದರು. ಸ್ತೆಫನನಿಂದ ಹಿಡಿದು ಆ ಏಳೂ ಹೆಸರು ಗ್ರೀಕ್ ಹೆಸರುಗಳು. ಅಂದರೆ ಯಾರಿಗೆ ಅನ್ಯಾಯ ಆಗಿತ್ತೋ ಆ ಕಡೆಯವರ ಕೈಗೇ ಹಂಚುವ ಕೆಲಸ ಹೋದ ಹಾಗೆ ಕಾಣುತ್ತದೆ. ನಿಮ್ಮಲ್ಲೂ ಸಹಾಯ ನಿಧಿಯ ಸಮಿತಿಯಲ್ಲಿ ಒಂದು ಕಾಲಕ್ಕೆ ಆ ಸಹಾಯ ಪಡೆದ ಮನೆಯವರು ಒಬ್ಬರಾದರೂ ಇದ್ದಾರಾ ನೋಡಿ.

ಕಾಣಿಕೆಯ ಲೆಕ್ಕ

ಎಷ್ಟು ಬಂತು ಅನ್ನುವುದನ್ನು ಎಲ್ಲರೂ ಓದುತ್ತಾರೆ. ಎಲ್ಲಿಗೆ ಹೋಯಿತು ಅನ್ನುವುದನ್ನು ನೂರಕ್ಕೆ ಇಷ್ಟು ಅಂತ ಮಾಡಿ ಓದಿ. ವರ್ಷಕ್ಕೆ 12 ಲಕ್ಷ ಬಂತು ಅಂತ ಇಟ್ಟುಕೊಳ್ಳಿ. ಸಂಬಳ ಮತ್ತು ಡಯಾಸಿಸ್‌ಗೆ (ಬಿಷಪ್ಪರ ಆಡಳಿತದ ಪ್ರಾಂತ್ಯಕ್ಕೆ) ಕಟ್ಟುವ ಪಾಲು 5,50,000. ಕಟ್ಟಡ, ಕರೆಂಟು, ರಿಪೇರಿ 3,20,000. ಹಬ್ಬ ಮತ್ತು ವಿಶೇಷ ಕೂಟಗಳು 2,00,000. ಅಚ್ಚು, ಪ್ರಯಾಣ, ಇತರೆ 90,000. ಉಳಿದದ್ದು 40,000, ಅದೇ ಬಡವರಿಗೆ, ರೋಗಿಗಳಿಗೆ, ಮಕ್ಕಳ ಓದಿಗೆ. ನೂರು ರೂಪಾಯಿಗೆ ಮೂರು ರೂಪಾಯಿ ಚಿಲ್ಲರೆ. ಯಾರೂ ಕದ್ದಿಲ್ಲ, ಲೆಕ್ಕ ಚೊಕ್ಕವಾಗಿದೆ. ಆದರೂ ಈ ಮೂರು ರೂಪಾಯಿಯನ್ನು ಮಹಾಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಮುಂದಿನ ವರ್ಷ ಅದನ್ನು ಆರು ಮಾಡುತ್ತೇವೆ ಅಂತ ತೀರ್ಮಾನ ಆದರೆ, ಆ ಮಹಾಸಭೆ ಸಾರ್ಥಕ.

ಮಕ್ಕಳ ಓದಿನ ವಿಷಯ ನಮಗೆ ವಿಶೇಷವಾಗಿ ಮುಖ್ಯ. ಪರಿಶಿಷ್ಟ ಜಾತಿಗಳ 1950ರ ರಾಷ್ಟ್ರಪತಿ ಆದೇಶದ ಪ್ರಕಾರ ದಲಿತ ಹಿನ್ನೆಲೆಯ ಕ್ರೈಸ್ತರಿಗೆ ಪರಿಶಿಷ್ಟ ಜಾತಿಯ ಸ್ಥಾನ ಇಲ್ಲ. ಆ ಪಟ್ಟಿಯವರಿಗೆ ಸಿಗುವ ಸವಲತ್ತು ನಮ್ಮ ಎಷ್ಟೋ ಮನೆಗಳಿಗೆ ಸಿಗುವುದಿಲ್ಲ, ಆದರೆ ಬಡತನ ಅಷ್ಟೇ ಇದೆ. ಸಭೆ ನೋಡದಿದ್ದರೆ ಇನ್ಯಾರು ನೋಡಬೇಕು?

ಎಷ್ಟು ಮನೆಯವರು ಕೊಡುತ್ತಾರೆ ಅನ್ನುವುದನ್ನೂ ನೋಡಿ, ಮೊತ್ತ ಬಿಡಿ. ನಾಲ್ಕು ಮನೆಯಿಂದಲೇ ಅರ್ಧ ಕಾಣಿಕೆ ಬರುತ್ತಿದ್ದರೆ ಆ ಸಭೆಯ ಕಮಿಟಿಯಲ್ಲಿ ಯಾರ ಮಾತು ನಡೆಯುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ.

ಸುಗ್ಗಿ ಹಬ್ಬದ ಹರಾಜನ್ನು ಒಮ್ಮೆ ಬೇರೆ ಕಣ್ಣಿಂದ ನೋಡಿ. ಮೇಜಿನ ಮೇಲೆ ಬಾಳೆಗೊನೆ, ಕುಂಬಳಕಾಯಿ, ತೆಂಗಿನಕಾಯಿ, ಕೋಳಿ, ಮನೆಯಲ್ಲಿ ಮಾಡಿದ ಕೇಕು. ಬಾಳೆಗೊನೆ ಮೂರು ಸಾವಿರಕ್ಕೆ ಹೋಗುತ್ತದೆ, ಕೊಂಡವರು ಅದನ್ನು ಮತ್ತೆ ಸಭೆಗೇ ಕೊಡುತ್ತಾರೆ, ಮತ್ತೆ ಕೂಗುತ್ತಾರೆ, ಈ ಸಲ ಐದು ಸಾವಿರ. ಚಪ್ಪಾಳೆ. ಇದು ಸಂತೋಷದ ಹೊತ್ತು, ಇದನ್ನು ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಹೊಲದಲ್ಲಿ ಬೆಳೆದದ್ದನ್ನು ಮೊದಲು ದೇವರ ಮುಂದೆ ಇಡುವುದು ನಮ್ಮ ಹಿರಿಯರಿಂದ ಬಂದದ್ದು. ಆದರೆ ಆವತ್ತು ಬಾಗಿಲ ಹತ್ತಿರ ಒಬ್ಬರು ನಿಂತು ನೋಡಲಿ, ಆಶೀರ್ವಾದ ಆದ ಮೇಲೆ ಹರಾಜು ಶುರುವಾಗುವ ಮುಂಚೆ ಯಾರು ಯಾರು ಹೊರಟು ಹೋದರು ಅಂತ. ಹೋದವರಲ್ಲಿ ಕೆಲವರಿಗೆ ಬೇರೆ ಕೆಲಸ ಇರುತ್ತದೆ. ಕೆಲವರು ಕೈಯಲ್ಲಿ ಕೂಗಲು ದುಡ್ಡಿಲ್ಲ ಅಂತ ಹೋಗಿರುತ್ತಾರೆ. ಎರಡು ಮೊಟ್ಟೆ ತಂದು ಮೇಜಿನ ಮೇಲಿಟ್ಟ ಅಜ್ಜಿ, ಅದನ್ನು ಯಾರು ಎಷ್ಟಕ್ಕೆ ಕೊಂಡರು ಅಂತ ನೋಡಲು ಉಳಿಯುವುದಿಲ್ಲ. ಹರಾಜಿಗೆ ಮುಂಚೆ ಎಲ್ಲರಿಗೂ ಒಟ್ಟಿಗೆ ಊಟ ಇಟ್ಟರೆ, ತಂದದ್ದು ಏನೇ ಇರಲಿ ತಂದವರ ಹೆಸರಿಗೆಲ್ಲ ಒಂದೇ ಸ್ತೋತ್ರ ಹೇಳಿದರೆ, ಉಳಿಯುವವರ ಸಂಖ್ಯೆ ಬದಲಾಗುತ್ತದಾ ನೋಡಿ. ಕೊರಿಂಥದ ಸಭೆಯನ್ನು ಅಪೊಸ್ತಲ ಪೌಲ ಬೈದದ್ದು ಇಂಥದ್ದಕ್ಕೇ, ಒಬ್ಬ ಹಸಿದಿದ್ದಾಗ ಇನ್ನೊಬ್ಬ ಹೊಟ್ಟೆ ತುಂಬ ತಿಂದು ಕುಡಿದಿದ್ದಕ್ಕೆ.

ಮಕ್ಕಳು

ಸಂಡೇ ಸ್ಕೂಲಿನ ಮಕ್ಕಳ ಸಂಖ್ಯೆ ಬರೆಯಿರಿ, ಸರಿ. ಅದರ ಜೊತೆ ಒಂದು ಸಣ್ಣ ಪರೀಕ್ಷೆ ಮಾಡಿ. ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಕನ್ನಡ ಸತ್ಯವೇದದಿಂದ ಐದು ವಚನ ಗಟ್ಟಿಯಾಗಿ ಓದಲು ಹೇಳಿ. ಪಟ್ಟಣದ ಸಭೆಗಳಲ್ಲಿ ಬಹಳ ಮಕ್ಕಳಿಗೆ ಆಗುವುದಿಲ್ಲ. ಕನ್ನಡ ಆರಾಧನೆಯಲ್ಲಿ ಅಪ್ಪ ಅಮ್ಮ ಸಂಗೀತ ಪುಸ್ತಕ ನೋಡಿ ಹಾಡುವಾಗ ಪಕ್ಕದಲ್ಲಿ ಮಗು ಸುಮ್ಮನೆ ನಿಂತಿರುತ್ತದೆ. ಇದಕ್ಕೆ ಮಗುವನ್ನಾಗಲಿ ಇಂಗ್ಲಿಷ್ ಶಾಲೆಯನ್ನಾಗಲಿ ದೂರಿ ಪ್ರಯೋಜನ ಇಲ್ಲ. ಬೇಸಿಗೆ ರಜೆಯ ವಿ.ಬಿ.ಎಸ್. (ರಜೆಯ ಬೈಬಲ್ ಶಾಲೆ) ಹೊತ್ತಿನಲ್ಲಿ ದಿನಕ್ಕೆ ಅರ್ಧ ಗಂಟೆ ಕನ್ನಡ ಓದಿಸಿ. ಹತ್ತಾರು ಹಾಡು ಬಾಯಿಪಾಠ ಮಾಡಿಸಿ. ಇದು ಸುಲಭವಾಗಿ ಅಳೆಯಬಹುದಾದ ವಿಷಯ, ಮುಂದಿನ ಜೂನ್ ಹೊತ್ತಿಗೆ ಎಷ್ಟು ಮಕ್ಕಳು ಓದಿದರು ಅಂತ ಹೇಳಬಹುದು.

ಮಕ್ಕಳ ಸುರಕ್ಷತೆಗೆ ಅಂಕ ಕೊಡುವ ಹಾಗಿಲ್ಲ, ಅಲ್ಲಿ ಇದೆಯಾ ಇಲ್ಲವಾ ಅಷ್ಟೇ. ಒಂದು ತರಗತಿಯಲ್ಲಿ ಇಬ್ಬರು ದೊಡ್ಡವರು, ತೆರೆದ ಬಾಗಿಲು, ದೂರು ಕೇಳಲು ಗೊತ್ತುಮಾಡಿದ ಒಬ್ಬ ಹೆಂಗಸು. ಇವಿಲ್ಲದ ಸಭೆ ಮಿಕ್ಕ ಎಲ್ಲದರಲ್ಲೂ ಪಾಸಾದರೂ ಪಾಸಾದ ಹಾಗಲ್ಲ.

ಸಭಾಪಾಲಕರು ಇಲ್ಲದಾಗ

ಸಿ.ಎಸ್.ಐ. ಸಭೆಗಳಲ್ಲಿ ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ ಆಗುತ್ತದೆ. ಆ ಹೊತ್ತನ್ನು ಸುಮ್ಮನೆ ಕಳೆಯಬೇಡಿ, ಅದು ಒಳ್ಳೆಯ ಅಳತೆಗೋಲು. ಹಳೆಯ ಸಭಾಪಾಲಕರು ಹೋಗಿ ಹೊಸಬರು ಊರನ್ನು ಅರಿಯುವ ತನಕ ಮನೆ ಪ್ರಾರ್ಥನೆಗಳು ನಡೆದವಾ? ಆಸ್ಪತ್ರೆಗೆ ಯಾರಾದರೂ ಹೋದರಾ? ಹಳೆಯವರಿಗಾಗಿ ಮಾತ್ರ ಬರುತ್ತಿದ್ದ ಕುಟುಂಬಗಳು ಎಷ್ಟು?

ಇದಕ್ಕಿಂತ ಕಠಿಣವಾದ ಪರೀಕ್ಷೆಯನ್ನು ನಮ್ಮ ಹಿರಿಯರು ನೋಡಿದ್ದಾರೆ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದ ಮೇಲೆ ಬಾಸೆಲ್ ಮಿಷನ್‌ನ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಹಿಡಿದಿಟ್ಟು ವಾಪಸ್ ಕಳಿಸಿತು, ಕಾರ್ಖಾನೆಗಳೂ ಕೈತಪ್ಪಿದವು. ಎಂಬತ್ತು ವರ್ಷ ಅವರ ಕೈಯಲ್ಲಿ ನಡೆದದ್ದನ್ನು ಊರಿನ ಬೋಧಕರು, ಹಿರಿಯರು ಹೊತ್ತುಕೊಳ್ಳಬೇಕಾಯಿತು. ಸಭೆಗಳು ಉಳಿದವು. ಬರೀ ತಲೆ ಎಣಿಸುವ ಪಟ್ಟಿಯಲ್ಲಿ ಈ ಶಕ್ತಿಗೆ ಒಂದು ಕಾಲಂ ಇರುವುದಿಲ್ಲ.

ಈ ಲೆಕ್ಕಗಳನ್ನೆಲ್ಲ ಬರೆದಿಡುವ ನಿಮ್ಮ ಪುಸ್ತಕದಲ್ಲಿ ಆ ಕಾಲಂ ಹಾಕಿ. ಸಭಾಪಾಲಕರಲ್ಲದೆ ಪ್ರಸಂಗ ಮಾಡಬಲ್ಲವರು, ರೋಗಿಯ ಪಕ್ಕ ಕೂತು ಪ್ರಾರ್ಥನೆ ಮಾಡಬಲ್ಲವರು, ಸಾವಿನ ಮನೆಗೆ ಹೋಗಿ ಕೆಲಸಕ್ಕೆ ನಿಲ್ಲುವವರು, ಮಕ್ಕಳಿಗೆ ಕಲಿಸುವವರು ಯಾರು ಯಾರು ಇದ್ದಾರೆ. ಹೆಸರು ಬರೆಯಿರಿ. ಅದರಲ್ಲಿ ನಲವತ್ತು ವರ್ಷದೊಳಗಿನವರು ಎಷ್ಟು, ಹೆಂಗಸರು ಎಷ್ಟು. ಒಬ್ಬರ ಹೆಸರೇ ನಾಲ್ಕೂ ಕಡೆ ಬಂದರೆ ಅವರು ದಣಿದಿದ್ದಾರೆ ಅಂತ ತಿಳಿಯಿರಿ.

ಗುರಿಯಾಗಿ ಇಡಬಾರದ ಕೆಲವು

ದೀಕ್ಷಾಸ್ನಾನಕ್ಕೆ ಟಾರ್ಗೆಟ್ ಇಡಬೇಡಿ. ಈ ವರ್ಷ ಇಷ್ಟು ಆಗಬೇಕು ಅಂತ ಬರೆದ ಕೂಡಲೇ ಯಾರೋ ಒಬ್ಬರು ಇನ್ನೊಬ್ಬರ ಮೇಲೆ ಒತ್ತಡ ಹಾಕಲು ಶುರು ಮಾಡುತ್ತಾರೆ, ಒತ್ತಡದಿಂದ ಬಂದದ್ದು ನಂಬಿಕೆ ಅಲ್ಲ. ನೆಡುವವನು, ನೀರು ಹಾಕುವವನು ನಾವು, ಬೆಳೆಸುವವನು ದೇವರು ಅಂತ ಪೌಲ ಬರೆದದ್ದನ್ನು ನಾವು ನಂಬುವುದೇ ಆದರೆ, ಬಂದವರನ್ನು ಆಮೇಲೆ ಹೇಗೆ ನೋಡಿಕೊಂಡೆವು ಅನ್ನುವುದು ಮಾತ್ರ ನಮ್ಮ ಲೆಕ್ಕ.

ಕಾರ್ಯಕ್ರಮಗಳ ಸಂಖ್ಯೆಯೂ ಅಷ್ಟೇ. ಅಮೆರಿಕದ ಶಿಕಾಗೊ ಹತ್ತಿರದ ವಿಲೋ ಕ್ರೀಕ್ ಸಭೆ ಬಹಳ ದೊಡ್ಡದು, ಅದನ್ನು ನೋಡಿ ಕಲಿಯಲು ಬೇರೆ ಬೇರೆ ದೇಶದವರು ಹೋಗುತ್ತಿದ್ದರು. ಅವರೇ ತಮ್ಮ ಜನರನ್ನು ಸಮೀಕ್ಷೆ ಮಾಡಿ 2007ರಲ್ಲಿ ಹೊರಗೆ ಹೇಳಿದ್ದು ಏನಂದರೆ, ಸಭೆಯ ಕಾರ್ಯಕ್ರಮಗಳಲ್ಲಿ ಜಾಸ್ತಿ ಜಾಸ್ತಿ ಪಾಲ್ಗೊಂಡ ಮಾತ್ರಕ್ಕೆ ದೇವರ ಮೇಲೆ, ನೆರೆಯವರ ಮೇಲೆ ಪ್ರೀತಿ ಬೆಳೆಯುತ್ತದೆ ಅಂತ ಹೇಳಲು ಆಗುವುದಿಲ್ಲ ಅಂತ. ಅಷ್ಟು ದೊಡ್ಡ ಸಭೆ ಅದನ್ನು ಬಚ್ಚಿಡದೆ ಹೇಳಿದ್ದು ನನಗೆ ಇಷ್ಟವಾಯಿತು. ವಾರಕ್ಕೆ ಆರು ಕೂಟ ನಡೆಸುವ ಸಭೆಗಳು ಇದನ್ನು ಯೋಚಿಸಬೇಕು.

ಪಕ್ಕದ ಸಭೆಯ ಜೊತೆ ಹೋಲಿಸಬೇಡಿ. ಸತ್ಯವೇದದ ಪ್ರಕಟನೆ ಪುಸ್ತಕದ 2 ಮತ್ತು 3ನೇ ಅಧ್ಯಾಯದಲ್ಲಿ ಏಳು ಸಭೆಗಳಿಗೆ ಏಳು ಪತ್ರ ಇದೆ, ಒಂದರ ಅಳತೆ ಇನ್ನೊಂದಕ್ಕೆ ಹಾಕಿಲ್ಲ. ಸ್ಮುರ್ನದವರು ಬಡವರು, ಅವರನ್ನು ಕ್ರಿಸ್ತ ಐಶ್ವರ್ಯವಂತರು ಅನ್ನುತ್ತಾನೆ. ಲವೊದಿಕೀಯದವರಿಗೆ ಏನೂ ಕಮ್ಮಿ ಇಲ್ಲ ಅಂತ ಅವರೇ ಹೇಳಿಕೊಳ್ಳುತ್ತಾರೆ, ಉಗುರುಬೆಚ್ಚಗಿನವರು ಅಂತ ಅವರಿಗೆ ಬಿದ್ದ ಬೈಗುಳ ಎಲ್ಲರಿಗೂ ಗೊತ್ತು. ಸಾರ್ದಿಸಿನವರಿಗೆ ಒಳ್ಳೆಯ ಹೆಸರಿತ್ತು, ಜೀವ ಇರಲಿಲ್ಲ.

ಮಹಾಸಭೆಯ ಮುಂದೆ ಇಡುವುದು

ಎಲ್ಲವನ್ನೂ ಎರಡು ಪುಟಕ್ಕೆ ಇಳಿಸಿ, ಮಹಾಸಭೆಗೆ ಒಂದು ವಾರ ಮುಂಚೆ ಮನೆಮನೆಗೆ ಕೊಡಿ, ವಾಟ್ಸಾಪ್‌ನಲ್ಲೂ ಹಾಕಿ. ಓದಲು ಬಾರದ ಹಿರಿಯರಿಗೆ ಯಾರಾದರೂ ಓದಿ ಹೇಳಲಿ. ಮೊದಲ ಪುಟದಲ್ಲಿ ನೀವು ಬರೆದ ಐದಾರು ವಾಕ್ಯ, ಪ್ರತಿಯೊಂದರ ಕೆಳಗೆ ಈ ವರ್ಷ ಏನು ಕಂಡಿತು ಅನ್ನುವ ಒಂದೆರಡು ಸಾಲು. ಎರಡನೇ ಪುಟದಲ್ಲಿ ಸಂಖ್ಯೆಗಳು. ಕೆಟ್ಟ ಸುದ್ದಿಯನ್ನು ಮೊದಲು ಹೇಳಿ. ಸಭಾಪಾಲಕರ ಕೆಲಸಕ್ಕೆ ಅಂಕ ಹಾಕಲು ಇದನ್ನು ಬಳಸುವುದಿಲ್ಲ ಅಂತ ಶುರುವಿನಲ್ಲೇ ಸ್ಪಷ್ಟವಾಗಿ ಹೇಳಿಬಿಡಿ, ಇಲ್ಲದಿದ್ದರೆ ಮುಂದಿನ ವರ್ಷದ ಲೆಕ್ಕ ಯಾರಿಗೋ ಬೇಕಾದ ಹಾಗೆ ಬರುತ್ತದೆ.

ಮಹಾಸಭೆಯಲ್ಲಿ ಒಂದೋ ಎರಡೋ ತೀರ್ಮಾನ ಮಾತ್ರ ಮಾಡಿ. ಯಾರು ಮಾಡುತ್ತಾರೆ, ಯಾವ ತಿಂಗಳೊಳಗೆ ಅಂತ ನಡಾವಳಿ ಪುಸ್ತಕದಲ್ಲಿ ಬರೆಸಿ. ಮೂರು ತಿಂಗಳಿಗೊಮ್ಮೆ ಕಮಿಟಿಯ ಅಜೆಂಡಾದಲ್ಲಿ ಅದು ಮೊದಲ ವಿಷಯವಾಗಿ ಬರಲಿ, ಕಟ್ಟಡದ ವಿಷಯಕ್ಕಿಂತ ಮುಂಚೆ. ಯಾಕಂದರೆ ಕಟ್ಟಡದ ಮಾತು ಶುರುವಾದರೆ ರಾತ್ರಿ ಒಂಬತ್ತಾಗುತ್ತದೆ.

ಲೆಕ್ಕ ಬರೆದ ಪುಸ್ತಕ ಸಭೆಯ ಕಚೇರಿಯಲ್ಲೇ ಇರಬೇಕು, ಯಾರ ಮನೆಯಲ್ಲೂ ಅಲ್ಲ. ಹೊಸ ಸಭಾಪಾಲಕರು ಬಂದ ಮೊದಲ ವಾರದಲ್ಲೇ ಅವರ ಕೈಗೆ ಕೊಡಿ. ಪೆನ್ಸಿಲ್ ಗುರುತಿನ ಹೆಸರುಗಳ ಪಟ್ಟಿಯನ್ನು ಮಾತ್ರ ಬೇರೆ ಇಡಿ. ಅದನ್ನು ಫೋಟೋ ತೆಗೆದು ಯಾರಿಗೂ ಕಳಿಸಬೇಡಿ. ಒಬ್ಬರು ಹಿರಿಯರು ಹೊಸಬರ ಜೊತೆ ಕೂತು ಒಂದೊಂದು ಹೆಸರೂ ಹೇಳಿ, ಮನೆ ತೋರಿಸಿಕೊಂಡು ಬರಲಿ.